ಆಟದ ಕಲ್ಪನೆಗೆ ಒಡೆಯರುಂಟೆ?

ಹೊಸ ಆಟವೊಂದನ್ನು ಕಲ್ಪಿಸಿದ ತರುಣರನ್ನು ಮೊದಲು ಕಾಡುವುದು ಕಳವಿನ ಭಯ. ವಚನಕಾರರಿಗೆ ಅವರವರ ಅಂಕಿತಗಳನ್ನು ಹೊಂದಿಸುವ ಎಲೆಯಾಟವಾಗಲಿ, ಮೊಬೈಲಿನ ಪದದಾಟವಾಗಲಿ, ಹೊರಗೆ ಬಿದ್ದೊಡನೆ ಪರರ ಪಾಲಾದೀತೆಂದು ಬಚ್ಚಿಡುವವರೇ ಹೆಚ್ಚು. ಕಾನೂನಿನ ಉತ್ತರ ಕಟುವಾಗಿದೆ: ಬರಿಯ ಕಲ್ಪನೆಗೆ ಒಡೆತನವಿಲ್ಲ. 1970ರ ಪೇಟೆಂಟ್ ಕಾಯ್ದೆಯ 3ನೆಯ ಕಲಮು ಆಟವಾಡುವ ವಿಧಾನವನ್ನು ಪೇಟೆಂಟಿನಿಂದ ಹೊರಗಿಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಾಯುವುದು ಅಭಿವ್ಯಕ್ತಿಯನ್ನು ಮಾತ್ರ. ತನ್ನ ನಾಟಕದ ವಸ್ತುವನ್ನು ಚಲನಚಿತ್ರವೊಂದು ಕದ್ದಿದೆಯೆಂದು ಹೋರಾಡಿದ ಆರ್.ಜಿ. ಆನಂದ್ ಅವರು 1978ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತದ್ದು ಈ ತತ್ತ್ವದ ಮೇಲೆಯೇ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದು ಅಪರಿಚಿತ ವಿಚಾರವಲ್ಲ. ಭಾರತದ ಕಥೆ ಪಂಪನದೂ ಅಲ್ಲ, ಕುಮಾರವ್ಯಾಸನದೂ ಅಲ್ಲ. ಪಂಪಭಾರತದ ಹದಿಮೂರನೆಯ ಆಶ್ವಾಸಕ್ಕೆ ರನ್ನನ ಗದಾಯುದ್ಧ ಋಣಿಯೆಂದ ಮಾತ್ರಕ್ಕೆ ರನ್ನನನ್ನು ಯಾರೂ ಕಳ್ಳನೆನ್ನಲಿಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣವೆಂದು ಬಿಡಿಸಿ ವಿವೇಚಿಸಿದ್ದಾನೆ. ಇಂದಿನ ನ್ಯಾಯಾಲಯ ಬಹುಮಟ್ಟಿಗೆ ವಿಚಾರಿಸುವುದು ಮೊದಲನೆಯದನ್ನೇ.

ಹೆಸರಿನ ಮಾತು ಬೇರೆ. ಕೋಲ್ಕತ್ತದ ಸೋದರರಿಬ್ಬರು ಸ್ಕ್ರ್ಯಾಬಲ್ ಮಾದರಿಯಲ್ಲಿ ‘ಸ್ಕ್ರ್ಯಾಬುಲಸ್’ ಎಂಬ ಅಂತರ್ಜಾಲದ ಆಟವನ್ನು ನಡೆಸಿದರು. 2008ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆಟದ ಹಾಸಿಗೂ ನಿಯಮಗಳಿಗೂ ಕೃತಿಸ್ವಾಮ್ಯದ ರಕ್ಷಣೆ ಕೊಡಲಿಲ್ಲ. ಆ ಹೆಸರನ್ನು ಬಳಸದಂತೆ ತಡೆಯಿತು. ವ್ಯಾಪಾರಮುದ್ರೆಯಾಗಿ ನೋಂದಾಯಿಸಿದ ಹೆಸರನ್ನು ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಸೋಲಾಪುರಿ ಚಾದರದ ಹೆಸರಿಗಿರುವ ಭೌಗೋಳಿಕ ಸೂಚಿಯ ರಕ್ಷಣೆ ಈ ಭಾಗದವರಿಗೆ ಗೊತ್ತೇ ಇದೆ. ಮೈಸೂರಿನ ಗಂಜೀಫಾ ಎಲೆಗಳಿಗೂ ಅದು ದೊರೆತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾ ಆಟಗಳನ್ನು ಕಲ್ಪಿಸಿ, ಅವುಗಳ ವಿವರವನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಯಿಸಿದರು. ಇಂದು ರಕ್ಷಣೆಯಿರುವುದು ಬಣ್ಣ ಹಚ್ಚಿದ ಎಲೆಗೆ. ಆಟವನ್ನು ಯಾರು ಬೇಕಾದರೂ ಆಡಬಹುದು, ಆಡುವವರು ವಿರಳವೆಂಬುದೇ ಖೇದ.

ಕಾನೂನು ಇಷ್ಟಕ್ಕೇ ನಿಂತಿರುವುದು ಒಳ್ಳೆಯದೇ. ನಮ್ಮ ಪಚೀಸಿಯ ರೂಪಾಂತರವಾದ ಲೂಡೋ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆಯಿತು. ಅಂಥ ಒಡೆತನಕ್ಕೆ ಕೊನೆಯೇ ಇಲ್ಲದಿದ್ದರೆ ಅಕ್ಕಲಕೋಟದ ಓಣಿಯಲ್ಲಿ ಕವಡೆ ಹಿಡಿದು ಚೌಕಾಬಾರಕ್ಕೆ ಕೂತವರೂ ಯಾರದೋ ಅಪ್ಪಣೆ ಕೇಳಬೇಕಾಗುತ್ತಿತ್ತು.

ಹಾಗಾದರೆ ಆಟ ಕಟ್ಟಿದವನಿಗೆ ಉಳಿಯುವುದೇನು? ಬರೆದದ್ದು ಉಳಿಯುತ್ತದೆ. ನಿಯಮಗಳ ಕೈಪಿಡಿ, ಎಲೆಗಳ ಮೇಲಿನ ಸ್ವಂತ ವಾಕ್ಯ, ಚಿತ್ರ, ಗಣಕದ ಸಂಕೇತಲಿಪಿ, ಇವುಗಳಿಗೆ ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯವುಂಟು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಸಾಕ್ಷ್ಯವಾಗುತ್ತದೆ. ಕರ್ತೃವಿನ ಜೀವಿತಕಾಲವಲ್ಲದೆ ನಂತರದ ಅರವತ್ತು ವರ್ಷವೂ ಆ ಹಕ್ಕು ನಡೆಯುತ್ತದೆ. ಕಂಪನಿಗೆ ತೋರಿಸುವ ಮೊದಲು ಗೋಪ್ಯತೆಯ ಲಿಖಿತ ಕರಾರು ಮಾಡಿಕೊಳ್ಳುವುದು ಜಾಣತನ. ತೋರಿಸಿದ ಮೇಲೆ ಕೇಳಿದರೆ ಯಾರೂ ಸಹಿ ಹಾಕುವುದಿಲ್ಲ. ಬೇರೊಬ್ಬನು ಅದೇ ನಿಯಮವನ್ನು ತನ್ನ ಮಾತಿನಲ್ಲಿ ಬರೆದರೆ ತಡೆಯಲಾಗದು, ನಿಜ. ಆದರೆ ಕನ್ನಡದಲ್ಲಿ ಬರೆದ ಕೈಪಿಡಿಯನ್ನು ಮರಾಠಿಗೆ ಅನುವಾದಿಸುವ ಹಕ್ಕು ಕೂಡ ಬರೆದವನದೇ. ಎರಡು ಭಾಷೆಯ ಈ ಊರಿನಲ್ಲಿ ಅದು ಅಲ್ಪ ಆಸ್ತಿಯೇನಲ್ಲ.