ದಾಖಲೆ ಇಲ್ಲವೆಂಬ ಸುಳ್ಳು: ಲಾಸ್ಕರರ ಹೆಸರುಗಳೂ ನಮ್ಮ ಹೊಣೆಯೂ

ಕೊಲ್ಕತ್ತದ ಹೂಗ್ಲಿ ದಂಡೆಯ ಬಳಿ 1924ರಲ್ಲಿ ನಿರ್ಮಾಣಗೊಂಡ ಲಾಸ್ಕರ್ ಯುದ್ಧಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಬಂಗಾಳ, ಅಸ್ಸಾಂ ಹಾಗೂ ಉತ್ತರ ಭಾರತದ 896 ನಾವಿಕರ ಸ್ಮರಣೆಗೆ ಎಂದು ಅದರ ಶಿಲಾಲೇಖ ಸಾರುತ್ತದೆ. ಒಂಬೈನೂರು ಎಂದು ಅಂದಾಜಿಗೆ ಹೇಳದೆ 896 ಎಂದು ಕೆತ್ತಿಸಬೇಕಾದರೆ, ಎಣಿಸಿದವರ ಮುಂದೆ ಒಂದು ಪಟ್ಟಿ ಇದ್ದಿರಲೇಬೇಕು. ಎಣಿಕೆ ನಮಗೆ ನೆನಪಿದೆ. ಎಣಿಕೆಗೆ ಒಳಗಾದವರನ್ನು ಮರೆತಿದ್ದೇವೆ.

ಬ್ರಿಟಿಷ್ ವಾಣಿಜ್ಯ ನೌಕೆಗಳಲ್ಲಿ ದುಡಿದ ಭಾರತೀಯ ನಾವಿಕರಿಗೆ ಲಾಸ್ಕರರೆಂದು ಹೆಸರು. ಇವರನ್ನು ಕುರಿತು ನಮ್ಮ ವಿಚಾರಸಂಕಿರಣಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಒಂದೇ: ಅವರು ದಾಖಲೆಗಳಿಲ್ಲದ ಜನ, ಚರಿತ್ರೆಯ ಮೌನದಲ್ಲಿ ಕರಗಿಹೋದವರು. ಈ ಮಾತಿನಲ್ಲಿ ಕರುಣೆಯಿದೆ, ಸತ್ಯವಿಲ್ಲ. ಹುಡುಕುವ ಶ್ರಮವನ್ನು ತಪ್ಪಿಸಿಕೊಳ್ಳಲು ನಾವು ಮೌನವೆಂಬ ಪದವನ್ನು ಬಳಸುತ್ತಿದ್ದೇವೆ ಎಂಬುದು ನನ್ನ ಆಕ್ಷೇಪ.

ದಾಖಲೆಗಳ ಸ್ಥಿತಿಯನ್ನು ನೋಡೋಣ. ಗಾಯಗೊಂಡ ನಾವಿಕರ ಮತ್ತು ಮಡಿದವರ ವಿಧವೆಯರ ನೆರವಿಗಾಗಿ 1747ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾಯಿದೆ ಬಂತು. ಸಂಬಳದಿಂದ ಹಣ ಮುರಿದುಕೊಳ್ಳಬೇಕಾದುದರಿಂದ ಹಡಗಾಳುಗಳ ಪಟ್ಟಿ ಇಡುವುದು ಅನಿವಾರ್ಯವಾಯಿತು. 1835ರ ಕಾಯಿದೆಯ ಬಳಿಕ ನಾವಿಕರೊಡನೆ ಮಾಡಿಕೊಂಡ ಒಪ್ಪಂದಗಳೂ ಸರ್ಕಾರದ ವಶಕ್ಕೆ ಬರತೊಡಗಿದವು. ಹೆಸರು, ವಯಸ್ಸು, ಹುಟ್ಟಿದ ಊರು, ಹುದ್ದೆ, ಸಂಬಳ, ಹಿಂದೆ ದುಡಿದ ಹಡಗು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ: ಇಷ್ಟನ್ನೂ ಕಾಣಿಸುವ ಅಂಕಣಗಳು ಅವುಗಳಲ್ಲಿವೆ. 1860ರ ದಶಕದಿಂದ 1938ರವರೆಗಿನ ಪಟ್ಟಿಗಳಲ್ಲಿ ಶೇಕಡಾ 10ರಷ್ಟನ್ನು ಮಾತ್ರ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಮಾದರಿಯಾಗಿ ಉಳಿಸಿಕೊಂಡಿತು. 5ರಿಂದ ಕೊನೆಗೊಳ್ಳುವ ವರ್ಷಗಳ ಪಟ್ಟಿಗಳು ಗ್ರೀನಿಚ್ಚಿನ ಕಡಲ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಉಳಿದುದರ ಬಹುಪಾಲು, ಅಂದರೆ ಒಟ್ಟು ರಾಶಿಯ ಸುಮಾರು ಶೇಕಡಾ 70, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿದೆ. ಮೂರು ಕಡೆ ಚದುರಿದ ರಾಶಿಯನ್ನು ಇಲ್ಲವೆನ್ನುವುದು ಹೇಗೆ?

ಇಲ್ಲಿ ಒಂದು ಪ್ರತಿವಾದ ಏಳುತ್ತದೆ. ಈ ಪಟ್ಟಿಗಳನ್ನು ಬರೆದವರು ಆಳುವವರು. ಲಾಸ್ಕರನ ದನಿ ಅಲ್ಲಿ ಕೇಳಿಸದು. ಆದ್ದರಿಂದ ಅವು ನಮಗೆ ನಿರುಪಯುಕ್ತ ಎಂಬುದು ಅದರ ಸಾರ. ಮೊದಲೆರಡು ಮಾತುಗಳನ್ನು ಒಪ್ಪುತ್ತೇನೆ. 1823ರ ಕಾಯಿದೆ ಲಾಸ್ಕರರನ್ನು ಬ್ರಿಟಿಷ್ ನಾವಿಕರೆಂದು ಪರಿಗಣಿಸಲಿಲ್ಲ. ಅವರು ಇಂಗ್ಲೆಂಡಿನಲ್ಲಿ ನೆಲೆ ನಿಲ್ಲದೆ ಮರಳಿ ಹೋಗುವಂತೆ ನೋಡಿಕೊಳ್ಳುವುದೂ ಅವರ ಲೆಕ್ಕವಿಡುವುದರ ಒಂದು ಉದ್ದೇಶವಾಗಿತ್ತು. ಆದರೆ ಮೂರನೆಯ ಮಾತು ತರ್ಕಕ್ಕೆ ನಿಲ್ಲದು. ನಮ್ಮ ದಾನಶಾಸನಗಳನ್ನು ಕೆತ್ತಿಸಿದವರು ಒಕ್ಕಲುಗಳೇ? ಆದರೂ ಆ ಶಾಸನಗಳಿಂದಲೇ ನಾವು ಒಕ್ಕಲುಗಳ ಬದುಕನ್ನೂ ತೆರಿಗೆಯ ಭಾರವನ್ನೂ ಗ್ರಹಿಸಿಲ್ಲವೇ? ಶಾಸನಕ್ಕೆ ಸಲ್ಲುವ ವಿವೇಕ ಹಡಗಿನ ಪಟ್ಟಿಗೂ ಸಲ್ಲಬೇಕು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ದೋಷ ಈಚಿನದು. 1915ರ ಪಟ್ಟಿಗಳನ್ನು ಸ್ವಯಂಸೇವಕರು ಓದಿ ಬರೆದು ಗಣಕಕ್ಕೆ ಏರಿಸಿದ್ದಾರೆ. ಅದರಲ್ಲಿ ಏಳೂವರೆ ಲಕ್ಷಕ್ಕೂ ಮಿಕ್ಕಿ ನಮೂದುಗಳಿವೆ. ಅತ್ಯಂತ ಸ್ತುತ್ಯವಾದ ಕಾರ್ಯ. ಆದರೆ ನಮ್ಮ ಸಂಶೋಧಕರು ಅಲ್ಲಿ ಒಂದು ಹೆಸರನ್ನು ಒತ್ತಿ, ಉತ್ತರ ಬಾರದಿದ್ದರೆ 'ದಾಖಲಾಗಿಲ್ಲ' ಎಂದು ಬರೆದುಬಿಡುತ್ತಾರೆ. ನಾವಿಕನ ಬಾಯಿ, ಗುಮಾಸ್ತನ ಕಿವಿ, ಓದಿ ಬರೆದವನ ಕಣ್ಣು: ಆ ಹೆಸರು ಈ ಮೂರನ್ನೂ ದಾಟಿ ಬಂದಿದೆ ಎಂಬುದನ್ನು ಮರೆಯುತ್ತಾರೆ. ಮುಹಮ್ಮದ್ ಅಲ್ಲಿ 'ಮಹೋಮೆಡ್' ಆಗಿರುತ್ತಾನೆ, ರತ್ನಾಗಿರಿ 'ರಟ್ನಾಘೆರಿ'ಯಾಗಿರುತ್ತದೆ, ತಂದೆಯ ಹೆಸರು ಕುಲನಾಮದ ಸ್ಥಾನದಲ್ಲಿ ಕುಳಿತಿರುತ್ತದೆ. ಗೋವೆಯ ನಾವಿಕರ ವಿಷಯದಲ್ಲಿ ತೊಡಕು ಬೇರೆ: ಒಂದೇ ಹೆಸರಿನ ಫೆರ್ನಾಂಡಿಸರು ಹಲವರಿದ್ದಾಗ ಊರು, ವಯಸ್ಸು, ಹಿಂದಿನ ಹಡಗು ಇವುಗಳಿಂದಲೇ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಬೇಕು.

ಇದು ನಮಗೆ ಹೊಸ ವಿದ್ಯೆಯೇ? ಲಿಪಿಕಾರನ ಸ್ಖಾಲಿತ್ಯ, ಪಾಠಾಂತರ, ಶುದ್ಧಪಾಠದ ಊಹೆ ಇವೆಲ್ಲ ಗ್ರಂಥಸಂಪಾದನೆಯ ಮೊದಲ ಪಾಠಗಳು. ಓಲೆಗರಿಯ ಮುಂದೆ ಅಷ್ಟು ಎಚ್ಚರದಿಂದ ಕೂರುವ ನಾವು ಹಡಗಿನ ಪಟ್ಟಿಯ ಮುಂದೆ ಏಕೆ ನಿರಕ್ಷರಿಗಳಾಗುತ್ತೇವೆ? ಭಾಷಾಜ್ಞಾನ ಇಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಕರಾವಳಿಯದೇ ನಿದರ್ಶನವಿದೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಬೆನ್ ಯಿಜುವಿನ ಪತ್ರವ್ಯವಹಾರದಲ್ಲಿ ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಸೇವಕನೊಬ್ಬನ ಹೆಸರು ಮೂರೇ ಹೀಬ್ರೂ ಅಕ್ಷರಗಳಲ್ಲಿದೆ: ಬ, ಮ, ಹ. ಅವನು ಹಡಗಾಳಲ್ಲ, ವರ್ತಕನ ಆಳು. ಆದರೆ ಸಮಸ್ಯೆ ಇದೇ. ಅಮಿತಾವ್ ಘೋಷ್ ಆ ಹೆಸರಿನ ಬೆನ್ನುಹತ್ತಿ ಮಂಗಳೂರಿಗೆ ಬಂದರು. ತುಳು ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು 'ಬೊಮ್ಮ' ಎಂದು ನಿಶ್ಚಯವಾಯಿತು. ಎಂಟು ಶತಮಾನಗಳ ಬಳಿಕ ಆಳೊಬ್ಬನಿಗೆ ಅವನ ಹೆಸರು ಮರಳಿ ಸಿಕ್ಕಿತು.

ಹುದ್ದೆಗಳ ಅಂಕಣವೂ ಭಾಷಾಭ್ಯಾಸಿಯನ್ನು ಬಯಸುತ್ತದೆ. ಸಾರಂಗ, ತಂಡೇಲ, ಖಲಾಸಿ, ಭಂಡಾರಿ ಇವೆಲ್ಲ ಇಂಗ್ಲಿಷ್ ವೇಷ ತೊಟ್ಟು ಅಲ್ಲಿ ನಿಂತಿವೆ. 'ಸೀಕನ್ನಿ' ಎಂಬುದು ಅರಬ್ಬಿಯ 'ಸುಕ್ಕಾನ್' ಮೂಲದ್ದು. ನಮ್ಮ 'ಚುಕ್ಕಾಣಿ'ಯ ಒಡಹುಟ್ಟು. ಹಡಗಿನ ಹಿಂದುಸ್ತಾನಿ ಮಾತುಗಳ ನಿಘಂಟನ್ನು ಥಾಮಸ್ ರೋಬಕ್ 1811ರಲ್ಲಿಯೇ ಸಿದ್ಧಪಡಿಸಿದ್ದ. ಅದನ್ನು ತೆರೆದು ನೋಡುವ ಕೆಲಸ ಸಾಹಿತ್ಯದ ವಿದ್ಯಾರ್ಥಿಯದಲ್ಲವಾದರೆ ಮತ್ತಾರದು?

ಮಾರ್ಗ ಕಠಿಣವೇನಲ್ಲ. ಈ ಪಟ್ಟಿಗಳ ಮೂಲ ಜೋಡಣೆ ವ್ಯಕ್ತಿನಾಮದ ಮೇಲಿಲ್ಲ. ನೋಂದಾಯಿತ ಹಡಗಿಗೆ 1855ರಿಂದ ಕೊಡುತ್ತ ಬಂದ ಅಧಿಕೃತ ಸಂಖ್ಯೆಯ ಮೇಲಿದೆ. ಆದುದರಿಂದ ಮೊದಲು ಹಡಗನ್ನು ಹಿಡಿಯಬೇಕು. ಅಲ್ಲಿ ಸಿಕ್ಕ ವ್ಯಕ್ತಿಯ 'ಹಿಂದಿನ ಹಡಗು' ಎಂಬ ಅಂಕಣದ ಎಳೆ ಹಿಡಿದು ಮತ್ತೊಂದು ಪಟ್ಟಿಗೆ ಹೋಗಬೇಕು. ಹೀಗೆ ನಾಲ್ಕಾರು ಪಟ್ಟಿಗಳು ಕೂಡಿದಾಗ ಒಬ್ಬ ಮನುಷ್ಯನ ಹತ್ತು ವರ್ಷಗಳ ದುಡಿಮೆ ಕಣ್ಣಮುಂದೆ ಬರುತ್ತದೆ. ಅವನ ಸಂಬಳ ಅದೇ ಕೆಲಸ ಮಾಡಿದ ಬಿಳಿಯನ ಸಂಬಳಕ್ಕಿಂತ ಎಷ್ಟು ಕಡಿಮೆಯಿತ್ತು ಎಂಬುದೂ ಅಂಕೆಗಳಲ್ಲೇ ತಿಳಿಯುತ್ತದೆ. ಶೋಷಣೆ ಕುರಿತ ನಮ್ಮ ಹತ್ತು ಭಾಷಣಗಳಿಗಿಂತ ಆ ಒಂದು ಅಂಕಣ ಹೆಚ್ಚು ಹೇಳುತ್ತದೆ.

ಪತ್ರಾಗಾರ ತನ್ನ ಕೆಲಸ ಮಾಡಿದೆ, ಕಾಗದ ಉಳಿದಿದೆ. ಓದಬಲ್ಲವರು ಓದದಿರುವಾಗ ಮೌನದ ಹೊಣೆಯನ್ನು ಸತ್ತವರ ಮೇಲೆ ಹೊರಿಸುವುದು ನ್ಯಾಯವಲ್ಲ.