ಸೂರ್ಯಾಸ್ತದ ನಂತರದ ದುಡಿಮೆ

ಪಂಚಕಲ್ಯಾಣ ಮಹೋತ್ಸವದ ಆಹ್ವಾನ ಪತ್ರಿಕೆಗೆ ಅಕ್ಷರ ಜೋಡಿಸಿ ಪುಟ ಕಟ್ಟುವ ಡಿ.ಟಿ.ಪಿ. ಕಸುಬುದಾರನು ಹಲವೆಡೆ ಯಾರ ಸಂಬಳದ ನೌಕರನೂ ಅಲ್ಲ. ಮನೆಯ ಒಂದು ಕೋಣೆಯಲ್ಲಿ ಗಣಕಯಂತ್ರವಿಟ್ಟುಕೊಂಡು, ಬಿಡಿ ಕೆಲಸ ಹಿಡಿದು ಬದುಕುವವನು. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ ಶ್ರಾವಕರು ಸಮಿತಿಯ ಸಭೆ ಮುಗಿಸಿ ರಾತ್ರಿ ಹತ್ತೂವರೆಗೆ ಅವನಿಗೆ ವಾಟ್ಸ್ಆ್ಯಪ್‌ನಲ್ಲಿ ತಿದ್ದುಪಡಿ ಕಳುಹಿಸುತ್ತಾರೆ: ದಾನಿಗಳ ಹೆಸರಿನ ಅನುಕ್ರಮ ಬದಲಾಗಬೇಕು, ಒಬ್ಬರ ಬಿರುದು ಬಿಟ್ಟುಹೋಗಿದೆ, ಬೆಳಗಾಗುವಷ್ಟರಲ್ಲಿ ಹೊಸ ಕರಡು ಬರಬೇಕು. ತಮ್ಮ ಊಟಕ್ಕೆ ವಿಧಿಸಿಕೊಂಡ ಕಾಲನಿಯಮವು ಇನ್ನೊಬ್ಬನ ದುಡಿಮೆಗೆ ಏಕೆ ಅನ್ವಯಿಸುವುದಿಲ್ಲ?

‘ಅವನು ಸ್ವತಂತ್ರ, ಒಲ್ಲೆನೆನ್ನಬಹುದಿತ್ತು’ ಎಂಬ ಸಮಾಧಾನ ಸಿದ್ಧವಾಗಿಯೇ ಇದೆ. ಇದು ಪೊಳ್ಳು ವಾದ. ಮುಂದಿನ ಸ್ಮರಣ ಸಂಚಿಕೆಯ ಕೆಲಸ ಬೇರೆಯವರ ಪಾಲಾದೀತೆಂಬ ಅಂಜಿಕೆಯಿಂದ ಹುಟ್ಟಿದ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಯಾವ ನ್ಯಾಯ? 1948ರ ಕಾರ್ಖಾನೆ ಕಾಯಿದೆಯು ವಯಸ್ಕ ಕಾರ್ಮಿಕನಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯಿಟ್ಟು, ಅದನ್ನು ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ವಿಧಿಸಿತು. ಕೋಣೆಯಲ್ಲಿ ಒಂಟಿಯಾಗಿ ಕುಳಿತ ಈ ಕಸುಬುದಾರನಿಗೆ ಆ ರಕ್ಷಣೆ ದೊರೆಯಲಿಲ್ಲ. ಕಾನೂನು ತಲುಪದ ಕಡೆ ವ್ರತವಾದರೂ ತಲುಪಬೇಡವೆ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಎಣಿಸಿದೆ. ಅದು ಎತ್ತಿನ ಬೆನ್ನಿನ ಮೂಟೆಗಷ್ಟೇ ಸಂಬಂಧಿಸಿದ್ದೆಂದು ಬಗೆಯುವವರು ನಿದ್ದೆಗೆಟ್ಟ ಮನುಷ್ಯನ ಮೇಲೆ ಹೇರಿದ ಹೊರೆಯನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?

ತುರ್ತು ಎಂಬುದೂ ಬಹುಪಾಲು ನೆಪವೇ. ಮಹೋತ್ಸವದ ಮುಹೂರ್ತ ಮೊದಲೇ ನಿಶ್ಚಿತವಾಗಿರುತ್ತದೆ. ತಡವಾಗುವುದು ಹೆಸರುಗಳ ಮೇಲಿನ ಜಗ್ಗಾಟದಿಂದ. (ಬಿರುದುಗಳ ಸಾಲು ತುಸು ಕಿರಿದಾದರೆ ಎಷ್ಟೋ ರಾತ್ರಿಗಳು ಉಳಿದಾವು.)

ಕಸುಬುದಾರನೂ ಸಂಕೋಚ ಬಿಡಬೇಕು. ಮೊದಲ ರಾತ್ರಿಯೇ ಉತ್ತರಿಸಿದವನು ಉಳಿದ ರಾತ್ರಿಗಳನ್ನೂ ಬರೆದುಕೊಟ್ಟಂತೆ. ದರ ಹೇಳುವಾಗಲೇ ವೇಳೆಯನ್ನೂ ಹೇಳಲಿ: ಬೆಳಿಗ್ಗೆ ಹತ್ತರಿಂದ ಸಂಜೆ ಆರು, ಕರಡು ತಿದ್ದುವುದು ಎರಡು ಸಲ, ಮೂರನೆಯದಕ್ಕೆ ಪ್ರತ್ಯೇಕ ಹಣ, ರಾತ್ರಿಯ ಸಂದೇಶಕ್ಕೆ ಮರುದಿನದ ಉತ್ತರ. ಬಸದಿಗಳ ಟ್ರಸ್ಟುಗಳು ಇದನ್ನು ಉದ್ಧಟತನವೆಂದು ಎಣಿಸದೆ ಕರಾರಿನಲ್ಲಿಯೇ ಬರೆದು ಅಧ್ಯಕ್ಷರ ಸಹಿ ಹಾಕಿಸಬೇಕು. ತಿದ್ದುಪಡಿ ಕಳುಹಿಸುವ ಅಧಿಕಾರ ಕಾರ್ಯದರ್ಶಿಯೊಬ್ಬರಿಗೇ ಇರಲಿ. ಐವರು ಸದಸ್ಯರು ಐದು ಬಗೆಯಾಗಿ ತಿದ್ದಿ ಕಳುಹಿಸಿದರೆ, ಯಾವುದು ಸರಿಯೆಂದು ಕೇಳಲು ಆ ಬಡಪಾಯಿ ನಡುರಾತ್ರಿಯಲ್ಲಿ ಯಾರ ಬಾಗಿಲು ತಟ್ಟಬೇಕು?