‘ಕಟ್ಟುವುದಿಲ್ಲ’ ಎಂದ ಕಟ್ಟಡ ಕಾರ್ಮಿಕರ ನಾಯಕ

ನಗರ ಹೇಗಿರಬೇಕು ಎಂದು ತೀರ್ಮಾನಿಸುವವರು ಯಾರು? ಜಾಗದ ಮಾಲೀಕ, ಬಿಲ್ಡರ್, ಸರ್ಕಾರ, ಹೆಚ್ಚೆಂದರೆ ಕೋರ್ಟು. ಇಟ್ಟಿಗೆ ಹೊರುವವನ ಹೆಸರು ಈ ಪಟ್ಟಿಯಲ್ಲಿ ಬರುವುದಿಲ್ಲ. ಅರ್ಧ ಶತಮಾನದ ಹಿಂದೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಆ ಹೆಸರನ್ನು ಪಟ್ಟಿಗೆ ಸೇರಿಸಿದವರು ಜಾಕ್ ಮಂಡೇ.

1929ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮಲಾಂಡಾದಲ್ಲಿ ಹುಟ್ಟಿದ ಮಂಡೇ, ರಗ್ಬಿ ಆಡಲು ಸಿಡ್ನಿಗೆ ಬಂದು ಕಟ್ಟಡ ಕೂಲಿಯಾದವರು, ಕಮ್ಯುನಿಸ್ಟ್. 1968ರಲ್ಲಿ ನ್ಯೂ ಸೌತ್ ವೇಲ್ಸ್‌ನ ಕಟ್ಟಡ ಕೂಲಿಕಾರರ ಸಂಘದ ಕಾರ್ಯದರ್ಶಿಯಾದರು. ಸಂಘ ಮೊದಲು ಹೋರಾಡಿದ್ದು ನ್ಯಾಯವಾದ ಕೂಲಿ, ಸುರಕ್ಷತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಾಗಿ. ವಲಸೆ ಬಂದು ಇಂಗ್ಲಿಷ್ ಬಾರದವರಿಗೆ ಸಭೆಯ ಮಾತನ್ನು ಅವರ ಭಾಷೆಯಲ್ಲೇ ಹೇಳುವ ವ್ಯವಸ್ಥೆ ಇತ್ತು. ಪದಾಧಿಕಾರಿಗಳ ಕುರ್ಚಿಗೆ ಅವಧಿಯ ಮಿತಿ ಹಾಕಲಾಯಿತು. ಅದರಂತೆ 1973ರಲ್ಲಿ ಮಂಡೇ ಕೆಳಗಿಳಿದರು.

1971ರಲ್ಲಿ ಹಂಟರ್ಸ್ ಹಿಲ್ ಬಡಾವಣೆಯ ಹದಿಮೂರು ಮಹಿಳೆಯರು ಸಂಘದ ಸಹಾಯ ಕೇಳಿದರು. ನದಿದಂಡೆಯಲ್ಲಿದ್ದ ‘ಕೆಲ್ಲೀಸ್ ಬುಷ್’ ಎಂಬ ಸಣ್ಣ ಕಾಡನ್ನು ಕಡಿದು ದುಬಾರಿ ಮನೆಗಳನ್ನು ಕಟ್ಟುವ ಯೋಜನೆಯಿತ್ತು. ಎಲ್ಲ ಕಚೇರಿಗಳ ಬಾಗಿಲು ತಟ್ಟಿ ಸೋತಿದ್ದರು ಅವರು. ಮೊದಲು ಸಾರ್ವಜನಿಕ ಸಭೆ ಕರೆಯಿರಿ, ಊರೂ ನಿಮ್ಮ ಜೊತೆಗಿದೆಯೇ ತೋರಿಸಿ ಎಂದಿತು ಸಂಘ. ನೂರಾರು ಜನ ಸೇರಿದರು. ಆಮೇಲೆ ಕೂಲಿಕಾರರು ‘ನಾವು ಕಟ್ಟುವುದಿಲ್ಲ’ ಎಂದರು. ಸಂಘಕ್ಕೆ ಸೇರದವರನ್ನು ತಂದು ಕಟ್ಟಿಸುತ್ತೇವೆಂದು ಕಂಪನಿ ಬೆದರಿಸಿದಾಗ, ಅದರದ್ದೇ ಇನ್ನೊಂದು ಕಟ್ಟಡದಲ್ಲಿದ್ದ ಕಾರ್ಮಿಕರು ಆ ಕಟ್ಟಡವನ್ನು ಅರ್ಧಕ್ಕೇ ಬಿಡುತ್ತೇವೆ ಎಂದರು. ಕಾಡು ಉಳಿಯಿತು. ಇಂದಿಗೂ ಇದೆ.

ಇದಕ್ಕೆ ‘ಗ್ರೀನ್ ಬ್ಯಾನ್’ ಎಂದು ಹೆಸರಿಟ್ಟವರು ಮಂಡೇ. ಕೆಲವೇ ವರ್ಷಗಳಲ್ಲಿ ಇಂಥ 40ಕ್ಕೂ ಹೆಚ್ಚು ನಿಷೇಧಗಳು ಜಾರಿಯಾದವು. ಹಳೆಯ ‘ದಿ ರಾಕ್ಸ್’ ಪ್ರದೇಶ ಉಳಿದದ್ದು ಹೀಗೆ. ಅಭಿವೃದ್ಧಿ ವಿರೋಧಿಗಳು, ಸ್ವಂತ ಅನ್ನಕ್ಕೇ ಕಲ್ಲು ಹಾಕಿಕೊಳ್ಳುವವರು ಎಂಬ ಟೀಕೆ ಬಂತು. ಆದರೆ ಮನೆ, ಶಾಲೆ, ಆಸ್ಪತ್ರೆ ಕಟ್ಟಲು ಅವರು ಸಿದ್ಧರಿದ್ದರು. ನಿವಾಸಿಗಳು ಕೇಳದೆ ಸಂಘ ತಾನಾಗಿ ನಿಷೇಧ ಹೇರುತ್ತಲೂ ಇರಲಿಲ್ಲ.

ಬೆಲೆ ತೆರಬೇಕಾಯಿತು. 1975ರಲ್ಲಿ ಸಂಘದ ರಾಷ್ಟ್ರೀಯ ನಾಯಕತ್ವವೇ ರಾಜ್ಯ ಘಟಕವನ್ನು ವಶಪಡಿಸಿಕೊಂಡು ಮಂಡೇ ಮತ್ತು ಸಂಗಾತಿಗಳನ್ನು ಹೊರಹಾಕಿತು. ಆದರೂ 1977ರಲ್ಲಿ ಆ ರಾಜ್ಯಕ್ಕೆ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಕಾಯ್ದೆ ಬಂತು. ಮಂಡೇ ಮುಂದೆ ನಗರಸಭಾ ಸದಸ್ಯರಾದರು. 2020ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ನಾನಿರುವ ಹೈದರಾಬಾದ್‌ಗೆ ಬರೋಣ. 2025ರಲ್ಲಿ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರ್ ನುಗ್ಗಿದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು, ಸುಪ್ರೀಂ ಕೋರ್ಟ್ ತಡೆ ನೀಡಿತು. ಆದರೆ ಬುಲ್ಡೋಜರ್ ಓಡಿಸಿದವನು ‘ಒಲ್ಲೆ’ ಎನ್ನುವ ಸ್ಥಿತಿಯಲ್ಲಿದ್ದನೇ? ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದವನಿಂದ ಪರಿಸರ ಕಾಳಜಿ ನಿರೀಕ್ಷಿಸುವುದು ಕ್ರೌರ್ಯ. ಮಂಡೇ ಕಾಲದ ಪಾಠವೇ ಇದು: ಮೊದಲು ಶೌಚಾಲಯ, ಆಮೇಲೆ ಕಾಡು. ತನ್ನ ಬದುಕಿಗೆ ಭದ್ರತೆ ಇದ್ದವನು ಮಾತ್ರ ಊರಿನ ಪರವಾಗಿ ನಿಲ್ಲಬಲ್ಲ.

ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಬಂದವರು ಇಲ್ಲಿನ ಕಟ್ಟಡಗಳಲ್ಲಿ ದುಡಿಯುತ್ತಾರೆ. ಅಂಥ ಕಟ್ಟಡಗಳಲ್ಲೇ ನಾವು ಕೋಡ್ ಬರೆಯುತ್ತೇವೆ. ಅವರಿಗಾಗಿ 2025ರವರೆಗೆ 1996ರ ಕಾಯ್ದೆ ಇತ್ತು, ನಿರ್ಮಾಣ ವೆಚ್ಚದ ಮೇಲೆ ಸೆಸ್ ಇದೆ. ವರ್ಷದಲ್ಲಿ 90 ದಿನ ದುಡಿದವರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೆ ಈ ಹಣ ಕಾರ್ಮಿಕರಿಗೆ ತಲುಪುತ್ತಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟೇ ಕಟುವಾಗಿ ಹೇಳಿತ್ತು. ಭಾಷೆ ಬಾರದ ಊರಿನಲ್ಲಿ ಅರ್ಜಿ ತುಂಬುವುದೂ ದೊಡ್ಡ ಗೋಡೆ. ರಾಜ್ಯೋತ್ಸವಕ್ಕೆ ಸೇರುವ ಹೊರನಾಡ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕಾರ್ಮಿಕರ ಶೆಡ್ಡುಗಳಿಗೆ ಹೋದರೆ ಆ ಗೋಡೆ ತುಸುವಾದರೂ ತಗ್ಗೀತು.